ಧನಿಯಾ ನೀರಿನ ತಂಬಿಗೆ

ಮಯ್ಯತ್ತಿಗೆ, ಎಂದರೆ ಶವಕ್ಕೆ, ಮಾಡಿಸುವ ಸ್ನಾನದ ಕೊನೆಯ ನೀರಿಗೆ ಹಾಕಲು ಕರ್ಪೂರ ಹುಡುಕುತ್ತಿದ್ದ ಬೀಬಿಜಾನಳ ಕೈಗೆ ಅಡುಗೆಮನೆಯ ಕಿಟಕಿಯಲ್ಲಿದ್ದ ತಾಮ್ರದ ತಂಬಿಗೆ ತಾಗಿತು. ಬಾಯಿಗೆ ಬಟ್ಟೆ ಕಟ್ಟಿತ್ತು. ಬಿಚ್ಚಿ ನೋಡಿದರೆ, ರಾತ್ರಿ ನೆನೆಹಾಕಿದ ಧನಿಯಾ ಕಾಳು.

ಈ ನೀರು ಕುಡಿಯುತ್ತಿದ್ದವನು ಅವಳ ಗಂಡ ಹುಸೇನ. ಹಾಸಿಗೆ ಹಿಡಿದ ಮೇಲೆ ಬಿಟ್ಟಿದ್ದ. ನಿನ್ನೆ ಸಂಜೆ ತೀರಿಕೊಂಡ. ತನ್ನ ಹೆಂಡತಿ ಸತ್ತಾಗಿನಿಂದ ಇದೇ ಮನೆಯಲ್ಲಿರುವ ಹುಸೇನನ ತಮ್ಮ ಮುಜಾಫರ್ ಈಗ ಅಂಗಳದಲ್ಲಿ ಚಾದರದ ಮರೆಯಲ್ಲಿ ಅಣ್ಣನ ಮೈ ತೊಳೆಯುತ್ತಿದ್ದ. ಅವಳೂ ಮಗಳೂ ಇದನ್ನು ಕುಡಿಯುವವರಲ್ಲ; ಮನೆಯಲ್ಲಿ ಉಳಿದವನು ಅವನೊಬ್ಬನೇ. ಬೀಬಿಜಾನ ತಂಬಿಗೆಯ ಬಾಯಿಗೆ ಮತ್ತೆ ಬಟ್ಟೆ ಕಟ್ಟಿದಳು.

"ಅಮ್ಮೀ, ಕಾಫೂರ್ ಸಿಕ್ತೇನು?" ಮಗಳು ಅಲ್ಮಾಸ್ ಬಾಗಿಲಲ್ಲಿ ನಿಂತು ಕೇಳಿದಳು.

* * *

ಅಣ್ಣತಮ್ಮಂದಿರದು ಕಲಾಯಿ ಕೆಲಸ. ಬಸವಕಲ್ಯಾಣದಿಂದ ಹೊರಟು ಮೋರಖಂಡಿ, ಘಾಟಬೋರಾಳ ಎಂದು ಸುತ್ತಿ, ಮರದ ಕೆಳಗೆ ಭಟ್ಟಿ ಹೂಡಿ, ತಾಮ್ರದ ಪಾತ್ರೆ ಕಾಯಿಸಿ ತವರ ಉಜ್ಜುವುದು. ಬೀಡಿಗೆ ಬೆಂಕಿ ಹುಡುಕುವ ಕಷ್ಟ ಇಬ್ಬರಿಗೂ ಇರಲಿಲ್ಲ.

ಮೂರು ವರ್ಷದ ಹಿಂದೆ ಹುಸೇನನ ಮೂತ್ರ ಕೆಂಪಗಾಯಿತು. ನೋವಿಲ್ಲ, ಉರಿಯಿಲ್ಲ. ಭಟ್ಟಿಯ ಮುಂದೆ ಕೂತವನಿಗೆ ಗರ್ಮಿಯಲ್ಲದೆ, ಉಷ್ಣವಲ್ಲದೆ, ಇನ್ನೇನು ಎಂದು ಕಸುಬಿನವರೆಲ್ಲ ಅಂದರು. ಧನಿಯಾ ನೀರು ಕುಡಿದ, ವಾರದಲ್ಲಿ ತಿಳಿಯಾಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವವರ ಜೊತೆ ಅಂದಿನಿಂದ ಅವನದು ನಿತ್ಯ ವಾದ. ಪಾತ್ರೆ ತಂದವರಿಗೆಲ್ಲ ಕಲಾಯಿಯ ಜೊತೆ ಔಷಧವನ್ನೂ ಹೇಳಿ ಕಳಿಸುತ್ತಿದ್ದ.

ಭಟ್ಟಿಯೇ ಹೂಡದ ಚಳಿಯ ದಿನಗಳಲ್ಲಿ ಮತ್ತೆ ಕೆಂಪಾಯಿತು. ಹುಮನಾಬಾದಿನ ಡಾಕ್ಟರು ಬಿ.ಪಿ. ಹೆಚ್ಚಿದೆಯೆಂದು ಮಾತ್ರೆ ಬರೆದು, ಮೂತ್ರ ತರಲು ಪುಟ್ಟ ಡಬ್ಬಿ ಕೊಟ್ಟರು. ಮರುದಿನಕ್ಕೆ ತಾನಾಗಿ ತಿಳಿಯಾಯಿತು. ತಿಳಿನೀರು ಒಯ್ದು ನಗೆಪಾಟಲಾಗುವುದೇ ಎಂದು ಹುಸೇನ ಹೋಗಲಿಲ್ಲ. ಮುಚ್ಚಳ ಗಟ್ಟಿಯಿರುವ ಡಬ್ಬಿ ಬಿಸಾಡುವುದೇಕೆಂದು ಬೀಬಿಜಾನ ಅದರಲ್ಲಿ ಏಲಕ್ಕಿ ತುಂಬಿಟ್ಟಳು.

ಪಕ್ಕೆಯಲ್ಲಿ ಗಡ್ಡೆ ಕೈಗೆ ತಾಗಿದ ಮೇಲೆ ಮುಜಾಫರನನ್ನೂ ಕರೆದುಕೊಂಡು ಕಲಬುರಗಿಗೆ ಹೋದರು. ಮೂತ್ರಪಿಂಡದ ಕ್ಯಾನ್ಸರ್, ಶ್ವಾಸಕೋಶಕ್ಕೂ ಹರಡಿತ್ತು. ನೋವಿಲ್ಲದೆ ಬಂದು ತಾನೇ ನಿಲ್ಲುವ ರಕ್ತವೇ ಎಷ್ಟೋ ಜನರಿಗೆ ಮೊದಲ ಸುಳಿವು ಎಂದರು ಡಾಕ್ಟರಮ್ಮ. ಬೀಡಿ ಸೇದುವವರಿಗೆ, ಬಿ.ಪಿ. ಇರುವವರಿಗೆ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ರೋಗವಿದ್ದರೆ ಅಂಥವರಿಗೆ ಅಪಾಯ ಹೆಚ್ಚು ಎಂದು ಹೇಳುತ್ತ ಮುಜಾಫರನ ಕಡೆ ನೋಡಿದರು. ಅವನು ಜೇಬಿನ ಬೀಡಿಕಟ್ಟು ಮುಟ್ಟಿಕೊಂಡು ತಲೆಯಾಡಿಸಿದ.

* * *

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಪಕ್ಕದ ಮನೆಯ ಸುಂದರಬಾಯಿ ರೊಟ್ಟಿ, ಬೇಳೆ ತಂದಿಟ್ಟಳು. ಮೋರಖಂಡಿಯಿಂದ ಬಂದ ಮುದುಕನೊಬ್ಬ ಕಣ್ಣೊರೆಸಿಕೊಳ್ಳುತ್ತ ಹುಸೇನನ ಔಷಧವನ್ನು ಹೊಗಳಿದ. ತಾನೂ ದಿನಾ ಕುಡಿಯುತ್ತೇನೆಂದ. ಒಳಗೆ ಕೂತ ಬೀಬಿಜಾನಳಿಗೆ ಅದು ಮದ್ದಲ್ಲವೆಂದು ಕೂಗಿಬಿಡಬೇಕೆನಿಸಿತು. ಅಷ್ಟರಲ್ಲಿ ಜನಾಜಾ ಎತ್ತಿದರು. ಮುಂದಿನ ಹೆಗಲು ಮುಜಾಫರನದು.

ಮಣ್ಣು ಕೊಟ್ಟು ಬಂದ ಅವನನ್ನು ಅವಳು ಪರದೆಯ ಬಳಿ ಕರೆಸಿದಳು. ಗಂಡ ಸತ್ತ ಮೇಲೆ ಮರೆಯಲ್ಲಿರುವ ಇದ್ದತ್ತಿಗೆ ಕೂತವಳು ಮೈದುನನಿಗೆ ಮುಖ ತೋರಿಸುವಂತಿಲ್ಲ.

"ತಂಬಿಗಿ ನೋಡೀನಿ, ಮುಜಾಫರ್. ಎಷ್ಟು ದಿನ ಆತು?"

ಮುಜಾಫರ್ ಪರದೆಯ ಹತ್ತಿರ ಸರಿದು ದನಿ ತಗ್ಗಿಸಿದ.

"ರಮ್ಜಾನದಾಗ ಒಮ್ಮೆ ಕೆಂಪು ಬಂದಿತ್ರಿ. ಈಗ ಮತ್ತ ಬರಾಕತ್ತದ. ನೋವೇನಿಲ್ಲ, ಭಾಭಿ."

"ನಿಮ್ಮಣ್ಣಗೂ ನೋವು ಇರ್ಲಿಲ್ಲ."

"ಅಂಜಿಕಿ ಬರ್ತದ್ರಿ. ದವಾಖಾನಿಗಿ ಹೋದ್ರ ಅದಕ್ಕೊಂದು ಹೆಸರಿಡ್ತಾರ. ಮನ್ಯಾಗಿದ್ರ ಬರೇ ಗರ್ಮಿ." ಅವನು ಹೊರಡಲು ತಿರುಗಿದ. "ಮೂರನೇ ದಿನದ ಜಿಯಾರತ್ ಆಗ್ಲಿ, ಆಮ್ಯಾಲ ಹೋಗ್ತೀನಿ."

ಬೀಬಿಜಾನ ಎದ್ದು ಹೋಗಿ ತಂಬಿಗೆಯ ನೀರನ್ನು ಮೋರಿಗೆ ಸುರಿದಳು. ಆಮೇಲೆ ಏಲಕ್ಕಿಯನ್ನು ತಟ್ಟೆಗೆ ಸುರುವಿ, ಡಬ್ಬಿ ತೊಳೆದು ತಂದು ಪರದೆಯ ಕೆಳಗಿನಿಂದ ಆ ಕಡೆ ಸರಿಸಿದಳು.

"ಈಗೇ ತುಂಬು. ತಿಳಿ ಆಗೋತನ ಕಾಯಬ್ಯಾಡ. ಅಲ್ಮಾಸ್ ಹುಮನಾಬಾದಿಗಿ ನಿನ್ನ ಸಂಗಟ ಬರ್ತಾಳ."

ಡಬ್ಬಿ ಅಲ್ಲೇ ನಿಂತಿತ್ತು. ಕೊನೆಗೆ ಉಗುರುಗಳಲ್ಲಿ ಗೋರಿಯ ಮಣ್ಣು ಇನ್ನೂ ಇದ್ದ ಕೈಯೊಂದು ಕೆಳಗಿಳಿದು ಅದನ್ನು ಎತ್ತಿಕೊಂಡಿತು. ಮುಚ್ಚಳ ತಿರುವಿದ ಸದ್ದಾಯಿತು; ತೊಳೆದರೂ ಹೋಗದ ಏಲಕ್ಕಿಯ ವಾಸನೆ ಪರದೆ ದಾಟಿ ಬಂತು. ಆಮೇಲೆ ಬಚ್ಚಲಮನೆಯ ಅಗುಳಿ ಬಿತ್ತು.