ಗೋಡೆಯ ತಿರುವಿನಲ್ಲಿ ಓಡೀಲಜ್ಜ

ನಮ್ಮ ಹೆರಾರ್ಡ್ಸ್‌ಬರ್ಗನ್ನಿನ ಕಲ್ಲುಹಾಸಿನ ಏರನ್ನು ಊರೆಲ್ಲ ‘ಗೋಡೆ’ ಎಂದೇ ಕರೆಯುತ್ತದೆ. ಡೆಂಡರ್ ನದಿಯ ಸೇತುವೆಯಿಂದ ಸಂತೆಚೌಕವನ್ನು ಹಾದು, ಗುಡ್ಡದ ನೆತ್ತಿಯ ಚರ್ಚಿನವರೆಗೆ ಸುಮಾರು ಒಂದು ಕಿಲೋಮೀಟರ್. ಗಾಯಗೊಂಡು ದೂರವಾದವರು ನಮ್ಮ ಸೈಕಲ್ ಸಂಘದ ಭಾನುವಾರದ ಸವಾರಿಗೆ ಮರಳಬೇಕಾದರೆ, ಕಾಲನ್ನು ನೆಲಕ್ಕೆ ತಾಗಿಸದೆ, ಯಾರ ನೆರವೂ ಇಲ್ಲದೆ ಗೋಡೆಯನ್ನು ಹತ್ತಬೇಕು. ಮಂಡಿಚಿಪ್ಪು ಮುರಿದ ಹದಿನಾಲ್ಕು ತಿಂಗಳ ನಂತರ, ಏಪ್ರಿಲ್‌ನ ಒಂದು ಶನಿವಾರ ಬೆಳಿಗ್ಗೆ ನಾನು ಅದಕ್ಕೆ ಸಿದ್ಧಳಾದೆ. ಸಂಘದ ಕಾರ್ಯದರ್ಶಿ ಗೋಡೆಲೀವಕ್ಕ ಸಾಕ್ಷಿಯಾಗಿ, ಸಂಘದ ದಾಖಲೆ ಪುಸ್ತಕ ಹಿಡಿದು, ಅತಿ ಕಡಿದಾದ ತಿರುವಿನಲ್ಲಿ ನಿಂತಿದ್ದರು.

ಟೈರಿನ ಗಾಳಿಯನ್ನು ಅಳೆದು ಇಳಿಸಿದ್ದೆ, ಯಾವ ಮನೆಯ ಮುಂದೆ ಯಾವ ಗೇರು ಎಂದು ಗೊತ್ತುಮಾಡಿಕೊಂಡಿದ್ದೆ. ಓಡೀಲಜ್ಜನನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ತಿರುವಿನ ಮನೆಯ ಆ ಹಳೆಯ ಬೇಕರಿಯವರು ಐವತ್ತು ವರ್ಷಗಳಿಂದ ಬಳಲಿದ ಸವಾರರನ್ನು ಬೆನ್ನಿಗೆ ಕೈಕೊಟ್ಟು ನೂಕುತ್ತ ಬಂದವರು. ನನ್ನ ಚಕ್ರ ತಡವರಿಸಿದ್ದೇ ತಡ, ಬೆನ್ನ ಮೇಲೆ ಅಗಲವಾದ ಅಂಗೈ ಬಿತ್ತು.

“ತುಳೀ ಮಗಳೇ, ತುಳೀ!”

“ಅಯ್ಯೋ, ಮುಟ್ಬೇಡಿ ಅಜ್ಜ!” ಎನ್ನುವಷ್ಟರಲ್ಲಿ ಹತ್ತು ಮೀಟರ್ ಮುಂದಿದ್ದೆ.

ನೆತ್ತಿ ಮುಟ್ಟಿ ಇಳಿದು ಬಂದಾಗ ಗೋಡೆಲೀವಕ್ಕ ಪುಸ್ತಕ ಮುಚ್ಚಿದ್ದರು.

“ಇದು ಲೆಕ್ಕಕ್ಕಿಲ್ಲ ಕಣೇ ಹಾನ್ನೆ. ಏನ್ ಮಾಡ್ಬಿಟ್ರಿ ಓಡೀಲಣ್ಣ!”

“ಕೈ ತಾನಾಗೇ ಹೋಯ್ತಮ್ಮ. ಹಿಟ್ಟು ಕಂಡ್ರೆ ನಾದುತ್ತೆ, ಬೆನ್ನು ಕಂಡ್ರೆ ನೂಕುತ್ತೆ.” ಅಜ್ಜನ ಮುಖ ಸಪ್ಪಗಾಗಿತ್ತು.

ಮಂಡಿಯನ್ನು ಒತ್ತಿ ನೋಡಿಕೊಂಡೆ. ಊತವಿರಲಿಲ್ಲ.

“ಇನ್ನೊಂದ್ಸಲ ಹತ್ತುತ್ತೀನಿ.”

“ಕೆಟ್ಟಿರೋದು ಮಂಡಿ ಅಲ್ಲ, ತಲೆ,” ಎನ್ನುತ್ತಲೇ ಗೋಡೆಲೀವಕ್ಕ ಪುಸ್ತಕ ತೆರೆದರು.

ಸೇತುವೆಗೆ ಇಳಿದು ಮತ್ತೆ ಹತ್ತಿ ಬಂದೆ. ಎರಡನೆಯ ಬಾರಿಯೂ ಚಕ್ರ ಅದೇ ಕಲ್ಲಿನ ಮೇಲೆ ತಡವರಿಸಿತು. ಅಜ್ಜ ಎರಡೂ ಕೈಗಳನ್ನು ಜೇಬಿಗೆ ತುರುಕಿ, ಏದುಸಿರು ಬಿಡುತ್ತ ನನ್ನ ಪಕ್ಕದಲ್ಲೇ ನಡೆದರು.

“ಮುಟ್ಟಲ್ಲ, ಮುಟ್ಟಲ್ಲ! ನೀನು ತುಳಿ!”

ಮಂಡಿ ಉರಿಯಿತು, ಆದರೆ ಸೋಲಲಿಲ್ಲ. ಮರಗಳ ನಡುವಿನ ಕೊನೆಯ ಏರು ಮುಗಿದು ಚರ್ಚಿನ ಗುಮ್ಮಟ ಕಂಡಿತು.

ಹಿಂದೆಯೇ ಹತ್ತಿ ಬಂದ ಗೋಡೆಲೀವಕ್ಕ ನನ್ನ ಹೆಸರು ಬರೆದುಕೊಂಡರು. ಬಹಳ ಹೊತ್ತಿನ ಮೇಲೆ ಬಂದ ಅಜ್ಜನ ಕೈಯಲ್ಲಿ ಒಡೆದ ಹಾಲಿನ ಹೂರಣದ ಮಾಟನ್‌ಟಾರ್ಟ್ ಇತ್ತು, ಇನ್ನೂ ಬೆಚ್ಚಗೆ.

“ತಪ್ಪು ನಂದು, ದಂಡಾನೂ ನಂದೇ.”

ಮೊದಲ ಸವಾರಿಯೇ ಲೆಕ್ಕಕ್ಕೆ ಬಂದಿದ್ದರೆ ನಾನು ಎರಡನೆಯದಕ್ಕೆ ಇಳಿಯುತ್ತಿರಲಿಲ್ಲ. ಈ ಮಂಡಿ ಗೋಡೆಯನ್ನು ಎರಡು ಬಾರಿ ತಾಳುತ್ತದೆಂದು ತಿಳಿಯುತ್ತಲೂ ಇರಲಿಲ್ಲ. ಟಾರ್ಟನ್ನು ಮುರಿದು ಅರ್ಧ ಅಜ್ಜನ ಕೈಗಿಟ್ಟೆ.

“ನಾಳೆ ಎಂಟಕ್ಕೆ ನಮ್ಮ ಸಂಘ ಹತ್ತುತ್ತೆ ಅಜ್ಜ. ಕೈ ಜೇಬಲ್ಲಿಟ್ಕೊಂಡು ನಿಂತ್ರೆ ನೋಡಿ ಮತ್ತೆ!”