ಬರಿಗಾಲಿನ ನೇಮ

ಬಾಳುವಿನ ಪಾದಗಳಿಗೆ ನೋವು, ಬಿಸಿ, ತಂಪು ಯಾವುದೂ ತಿಳಿಯುತ್ತಿರಲಿಲ್ಲ. ಹನ್ನೊಂದು ವರ್ಷದ ಸಕ್ಕರೆ ಕಾಯಿಲೆ ಬೆರಳ ತುದಿಯಿಂದ ತಿನ್ನುತ್ತ ಬಂದು ಹಿಮ್ಮಡಿಯವರೆಗೆ ಮುಗಿಸಿತ್ತು. ಹೋದ ವರ್ಷ ಕಬ್ಬಿಗೆ ನೀರು ಹಾಯಿಸುವಾಗ ಹೊಕ್ಕ ಜಾಲಿಮುಳ್ಳು ಎರಡು ದಿನ ಒಳಗೇ ಇತ್ತು. ನೆಲದ ಮೇಲಿನ ರಕ್ತ ನೋಡಿ ಮಗಳು ಪೂನಮ ಅದನ್ನು ಕಿತ್ತಳು. ಅವಳು ಚಿಕ್ಕೋಡಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಯಾರಿಗೂ ಹೇಳಬೇಡವೆಂದು ಬಾಳು ಅವಳಿಂದ ಮಾತು ತೆಗೆದುಕೊಂಡ. ಕಾಲು ಹೋದವನನ್ನು ಯಾರೂ ನೀರು ಹಾಯಿಸಲು ಇಟ್ಟುಕೊಳ್ಳುವುದಿಲ್ಲ ಎಂಬುದು ಅವನ ಭಯ.

ಬೇಡಕಿಹಾಳದ ಭಾವುಸಾಹೇಬರ ಹೊಲಗಳಿಗೆ ಅವನು ಇಪ್ಪತ್ತಾರು ವರ್ಷದಿಂದ ನೀರು ಹಾಯಿಸುತ್ತಿದ್ದ. ಪೂನಮ ಎಳೆಗೂಸಾಗಿದ್ದಾಗ ನ್ಯುಮೋನಿಯಾ ಆಗಿ, ಅವಳು ಉಳಿದರೆ ಕೇದಾರನಾಥಕ್ಕೆ ಬರುತ್ತೇನೆಂದು ಬಾಳು ಹರಕೆ ಹೊತ್ತಿದ್ದ. ಅವಳು ಉಳಿದಳು, ಹರಕೆಯೂ ಉಳಿಯಿತು. ಇದನ್ನು ಕೇಳಿದ ಭಾವುಸಾಹೇಬರು ತಾವೇ ಕರೆದುಕೊಂಡು ಹೋಗುತ್ತೇನೆಂದರು. ಅವರು ಜೈನರು. ಜಾರ್ಖಂಡದ ಸಮ್ಮೇದ ಶಿಖರ್ಜಿ ಬೆಟ್ಟಕ್ಕೆ ಏಳು ಸಲ ಹೋಗಿ ಬಂದವರು. ಹಿಂದಿ ಬರುತ್ತಿತ್ತು, ಬೆಟ್ಟ ಗೊತ್ತಿತ್ತು. ಕನಿಷ್ಠ ಹಾಗೆಂದು ಎಲ್ಲರೂ ನಂಬಿದ್ದರು.

ಅವರಿಗೆ ಬೆಟ್ಟ ಹತ್ತುವ ರೀತಿ ಒಂದೇ ಗೊತ್ತಿತ್ತು. ಶಿಖರ್ಜಿಯಲ್ಲಿ ನಸುಕಿನಲ್ಲೇ ಬರಿಗಾಲಲ್ಲಿ ಹೊರಡುತ್ತಾರೆ. ಬೆಟ್ಟದ ಮೇಲೆ ತಿನ್ನುವುದಿಲ್ಲ, ಉಗುಳುವುದಿಲ್ಲ. ಇಳಿದ ಮೇಲೆಯೇ ಊಟ. ಕೇದಾರನಾಥದ ಕಾಲುದಾರಿ ಶುರುವಾಗುವ ಗೌರಿಕುಂಡದಲ್ಲಿ, ಮೂವರೂ ತಂಗಿದ್ದ ಕೋಣೆಯಲ್ಲಿ ಅವರು ಇದೇ ನೇಮ ಹೇಳಿದರು. ದೇವರು ಬೇರೆಯಾದರೂ ಬೆಟ್ಟ ಬೆಟ್ಟವೇ ಎಂದರು. ಬಾಳು ತಂಬಾಕಿನ ಚೀಲವನ್ನು ಕಿಟಕಿಯಲ್ಲಿ ಇಟ್ಟ.

"ಬೂಟ ಬಿಡೂದೇನ ಅಲ್ರಿ ಅಣ್ಣಾರ, ಇದನ್ನ ಬಿಡೂದ ಕಷ್ಟ ಐತಿ" ಎಂದ.

ಪೂನಮ ನಿಪ್ಪಾಣಿಯಲ್ಲಿ ಅಪ್ಪನಿಗಾಗಿ ಕೊಂಡ ಬೂಟು ಚೀಲದಲ್ಲಿತ್ತು. ಮೇ ತಿಂಗಳ ಮೊದಲ ವಾರ. ಮೇಲೆ ಇನ್ನೂ ಹಿಮ ಇದೆ ಎಂದು ಇಳಿದು ಬಂದವರೆಲ್ಲ ಹೇಳುತ್ತಿದ್ದರು. ಅವಳು ಕೊಟ್ಟ ಮಾತು ಮುರಿದಳು. ಅಪ್ಪನ ಕಾಲಿಗೆ ಏನೂ ಗೊತ್ತಾಗುವುದಿಲ್ಲವೆಂದು ಭಾವುಸಾಹೇಬರಿಗೆ ಹೇಳಿಬಿಟ್ಟಳು.

ಅವರು ಗಾಬರಿಯಾಗಿ ಬಗ್ಗಿ ಬಾಳುವಿನ ಹೆಬ್ಬೆರಳು ಚಿವುಟಿದರು. ಬಾಳು ಅವರ ಕೈಯನ್ನೇ ನೋಡುತ್ತಿದ್ದ. ಸರಿಯಾದ ಹೊತ್ತಿಗೆ ಮುಖ ಕಿವುಚಿದ.

"ನೋಯ್ತೈತಿ ಬಿಡ್ರಿ. ಹುಡುಗಿ ಲ್ಯಾಬಿನ್ಯಾಗ ಕುಂತ ಕುಂತ ಎಲ್ಲಾರಿಗೂ ರೋಗ ಹಚ್ಚತಾಳ."

ಭಾವುಸಾಹೇಬರು ನಕ್ಕರು. ಅವರು ಕೈತೊಳೆಯಲು ಹೊರಗೆ ಹೋದಾಗ ಪೂನಮ ಬೂಟು ತೆಗೆದು ಅಪ್ಪನ ಮುಂದಿಟ್ಟಳು.

"ಅಣ್ಣಾರು ತಮ್ಮದಲ್ಲದ ದೇವ್ರಿಗೆ ಬರಿಗಾಲಿಲೆ ನಡದಾರ" ಎಂದ ಬಾಳು. "ಹರಕಿ ಹೊತ್ತಾಂವ ನಾ. ನಾ ಬೂಟ ಹಾಕ್ಕೊಂಡ ಅವರ ಹಿಂದ ಹೋಗ್ಲೇನ ಬೇ?"

ನಸುಕಿನಲ್ಲಿ ಹೊರಟರು. ಖಾಲಿ ಹೊಟ್ಟೆಗೆ ಬೇಡವೆಂದು ಪೂನಮ ಸಕ್ಕರೆ ಕಾಯಿಲೆಯ ಗುಳಿಗೆ ಕೊಡಲಿಲ್ಲ. ಹೇಸರಗತ್ತೆಗಳ ಲದ್ದಿ, ಕೆಸರು, ಒದ್ದೆ ಕಲ್ಲು. ಲಿಂಚೋಲಿಯ ತಂಗುದಾಣ ದಾಟಿದ ಮೇಲೆ ದಾರಿಯ ಎರಡೂ ಬದಿ ಎದೆಯೆತ್ತರದ ಹಿಮದ ಗೋಡೆ, ಕಾಲಡಿ ಕರಗಿದ ಹಿಮದ ರಾಡಿ. ಭಾವುಸಾಹೇಬರ ಕಾಲು ಉರಿಯತೊಡಗಿತು. ಅವರು ಮೂರು ಸಲ ಕೂತರು. ಏಳು ಸಲ ಶಿಖರ್ಜಿ ಹತ್ತಿದರೂ ಹೀಗೆ ಎಂದೂ ಆಗಿರಲಿಲ್ಲ ಎಂದರು. ನಾಲ್ಕನೆಯ ಸಲ ಕೂತಾಗ ಅವರ ಕಣ್ಣಲ್ಲಿ ನೀರಿತ್ತು.

"ಬಾಳೂ, ನಿನಗ ಹೆಂಗ ಆಗಾಕತ್ತೈತಿ?"

"ಏನೂ ಆಗವಲ್ದರಿ."

ಅದು ನಿಜವಾಗಿತ್ತು. ಕಾಲು ನೋಯುತ್ತಿದೆ ಎಂದು ಬಾಳು ಒಂದು ಮಾತು ಅಂದಿದ್ದರೆ ಅವರು ಅಲ್ಲೇ ಬೂಟು ಕೊಳ್ಳುತ್ತಿದ್ದರು. ದಾರಿಬದಿಯ ಟೆಂಟುಗಳ ಮುಂದೆ ಮಾರಾಟಕ್ಕೂ ಇದ್ದವು. ಬಾಳು ಅನ್ನಲಿಲ್ಲ. ಹಾಗಾಗಿ ಅವರೂ ಎದ್ದರು. ಇದಕ್ಕೇ ಶ್ರದ್ಧೆ ಅನ್ನುವುದು, ನಿಮ್ಮಪ್ಪನನ್ನು ನೋಡಿ ಕಲಿ ಎಂದು ಪೂನಮಳಿಗೆ ಹೇಳಿದರು. ಅವಳು ಹಿಂದೆ ಬೂಟಿನ ಚೀಲ ಹೊತ್ತು ನಡೆಯುತ್ತಿದ್ದಳು. ಅಪ್ಪನ ಬೆರಳುಗಳು ಮೇಣದಂತೆ ಬೆಳ್ಳಗಾಗಿದ್ದವು. ಎರಡು ಸಲ ಅವನ ಮುಂದೆ ಅಡ್ಡ ನಿಂತಳು. ಅವನು ಬದಿಯಿಂದ ದಾಟಿ ಹೋದ.

ದರ್ಶನಕ್ಕೆ ನಾಲ್ಕು ತಾಸು ಪಾಳಿಯ ಸಾಲಿನಲ್ಲಿ ನಿಂತರು. ಒಳಗೆ ಹಿಂದಿನವರು ನೂಕಿದ್ದರಿಂದ ಬಾಳುವಿಗೆ ದೇವರ ಮೇಲೆ ಕೈಯಿಡಲು ಸಿಕ್ಕದ್ದು ಎರಡು ಕ್ಷಣ. ಹೊರಗೆ ಬಂದು ಮಗಳ ತಲೆ ಮುಟ್ಟಿ, ಮುಗಿಯಿತು ಎಂದ.

ಟೆಂಟಿನಲ್ಲಿ ಅವನನ್ನು ಕೂಡಿಸಿ ಪೂನಮ ಡಾಕ್ಟರರ ಕ್ಯಾಂಪಿಗೆ ಓಡಿದಳು. ಅಲ್ಲೂ ಪಾಳಿ ಇತ್ತು. ಅವಳು ಡಾಕ್ಟರರನ್ನು ಕರೆದುಕೊಂಡು ಬರುವಷ್ಟರಲ್ಲಿ ಭಾವುಸಾಹೇಬರು ಒಂದು ಬಕೆಟ್ ಬಿಸಿನೀರು ತರಿಸಿದ್ದರು. ನೆಲಕ್ಕೆ ಕೂತು, ಬಾಳುವಿನ ಕಣಕಾಲು ಹಿಡಿದು ಪಾದಗಳನ್ನು ನೀರಲ್ಲಿ ಇಟ್ಟಿದ್ದರು. ಸಾಹುಕಾರರು ತನ್ನ ಕಾಲು ಹಿಡಿದಿದ್ದಾರೆಂಬ ನಾಚಿಕೆಗೆ ಬಾಳು ಮುಖ ಆಚೆ ತಿರುಗಿಸಿದ್ದ. ಕಾಲು ತೆಗೆದರೆ ಅವರಿಗೆ ಅವಮಾನವೆಂದು ತೆಗೆದಿರಲಿಲ್ಲ. ಬಕೆಟ್ಟಿನಿಂದ ಹಬೆ ಏಳುತ್ತಿತ್ತು.

"ಬಿಸಿ ಭಾಳ ಆತೇನು ಅಂತ ಎರಡ ಸಲ ಕೇಳೀನಿ" ಎಂದರು ಭಾವುಸಾಹೇಬರು. "ಇಲ್ಲ ಅಂದಾನ."

ಪೂನಮ ಕಾಲು ಮೇಲೆತ್ತಿದಾಗ ಚರ್ಮ ಅವಳ ಕೈಗೆ ಬಂತು.

ಹಿಮ ಅರ್ಧ ಕೆಲಸ ಮಾಡಿದೆ, ನೀರು ಉಳಿದರ್ಧ ಎಂದರು ಡಾಕ್ಟರು. ಕೂಡಲೇ ಕೆಳಗೆ ಇಳಿಸಬೇಕು. ಮೋಡ ಕವಿದಿದ್ದರಿಂದ ಹೆಲಿಕಾಪ್ಟರು ಅಂದೂ ಹಾರಲಿಲ್ಲ, ಮರುದಿನವೂ ಹಾರಲಿಲ್ಲ. ಮೂರನೆಯ ದಿನ ನಾಲ್ಕು ಜನ ನೇಪಾಳಿಗಳು ಡೋಲಿಯಲ್ಲಿ ಹೊತ್ತು ಇಳಿಸಿದರು. ಅಷ್ಟರಲ್ಲಿ ಬೆರಳುಗಳು ಕಪ್ಪಾಗಿದ್ದವು.

ಶಸ್ತ್ರಚಿಕಿತ್ಸೆ, ಊರ ಕಡೆಗೆ ಮರಳಿದ ಮೇಲೆ, ಮಿರಜದ ಆಸ್ಪತ್ರೆಯಲ್ಲಿ ಆಯಿತು. ಭಾವುಸಾಹೇಬರು ದಿನಾ ಬಂದು ಮಂಚದ ಪಕ್ಕ ಕೂರುತ್ತಿದ್ದರು. ಒಂದು ದಿನ ಪೂನಮಳನ್ನು ಹೊರಗೆ ಕರೆದು, ಅವತ್ತು ನೀನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು ಎಂದರು.

"ಹೇಳಿದ್ನಲ್ಲ ಕಾಕಾ" ಎಂದಳು. ಅವರು ತಲೆ ತಗ್ಗಿಸಿದರು.

ಮನೆಗೆ ಬಿಡುವ ದಿನ ಬಾಳು ಮಲಗಿದಲ್ಲಿಂದಲೇ ಕಬ್ಬಿನ ನೀರು ಯಾರು ನೋಡುತ್ತಾರೆಂದು ಕೇಳಿದ. ಭಾವುಸಾಹೇಬರು, ತಮ್ಮ ಮಗ ಸುಜಯ ಕರೋಶಿ ಊರಿನ ಒಬ್ಬನನ್ನು ಇಟ್ಟಿದ್ದಾನೆ ಎಂದರು. ಬಾಳು ಹೌದ್ರಿ ಎಂದ.

ಹೋದದ್ದು ಬಲಗಾಲಿನ ಐದು ಬೆರಳು, ಎಡಗಾಲಿನ ಮೂರು, ನೀರು ಹಾಯಿಸುವ ಕೆಲಸ ಒಂದು.