ಶ್ರೀಲತಾ ನೋಡಿ ಹೇಳಿದ ರೇಸುಗಳು

ಲಂಡನ್ನಿನ ಕನ್ನಡ ಸಂಘದ ದೀಪಾವಳಿ ಕಾರ್ಯಕ್ರಮಕ್ಕೆ ಹೊರಡುವ ಗಡಿಬಿಡಿಯಲ್ಲಿ ಮಗಳಿಗೆ ಇಳಕಲ್ ಸೀರೆ ಉಡಿಸುತ್ತಿದ್ದಾಗ ಶ್ರೀಲತಾಗೆ ಆ ಗುರುತು ಕಂಡಿತು. ಬಲಭುಜದಿಂದ ಎದೆಯ ಕಡೆಗೆ ಇಳಿದ, ಮೂರು ಬೆರಳು ಅಗಲದ ಕಂದಿದ ಪಟ್ಟಿ. ಎಡಭುಜದ ಮೇಲೂ ಅಂಥದೇ ಒಂದು.

ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞೆಯಾಗಿದ್ದ ಆಕೆ ಅಪಘಾತದಲ್ಲಿ ಸಿಕ್ಕವರನ್ನು ಅದೆಷ್ಟೋ ವರ್ಷಗಳಿಂದ ಮಲಗಿಸುತ್ತ ಬಂದಿದ್ದಳು. ಅದು ಸೀಟ್ ಬೆಲ್ಟಿನ ಗುರುತು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ರಸ್ತೆಯ ಮೇಲೆ ಓಡುವ ಕಾರಿನ ಬೆಲ್ಟು ಒಂದೇ ಭುಜದ ಮೇಲೆ ಹಾಯುತ್ತದೆ. ಎರಡೂ ಭುಜಗಳನ್ನು ಹಿಡಿದು ಕಟ್ಟುವ ಬೆಲ್ಟು ಬೇರೆಯೇ ತರದ ಕಾರಿನದು.

"ಏನಿದು?"

"ನಥಿಂಗ್, ಮಮ್. ಜಿಮ್," ಎಂದಳು ಮಾಳವಿಕಾ.

"ಜಿಮ್ಮಿನಾಗ ಬೆಲ್ಟ್ ಬಿಗದು ಕುಂಡ್ರಸ್ತಾರೇನು?"

ಮಾಳವಿಕಾ ಕನ್ನಡಿಯಲ್ಲಿ ಬಾಗಿಲ ಕಡೆ ನೋಡಿದಳು. ಅಲ್ಲಿ ಅವಳ ಅಪ್ಪ ಚಂದ್ರಶೇಖರ್ ಕರ್ಚಿಕಾಯಿ ಡಬ್ಬಿ ಹಿಡಿದು ನಿಂತಿದ್ದ. ರೇನರ್ಸ್ ಲೇನಿನಲ್ಲಿ ಕುಟುಂಬ ವೈದ್ಯನಾಗಿದ್ದ ಆತ ಯಾವ ರೋಗಿಯ ಮುಂದೂ ತಡವರಿಸಿದವನಲ್ಲ. ಈಗ ಮಾತ್ರ ಡಬ್ಬಿಯ ಮುಚ್ಚಳವನ್ನು ತೆಗೆಯುವುದು, ಹಾಕುವುದು ಮಾಡುತ್ತಿದ್ದ. ಶ್ರೀಲತಾಗೆ ಅಷ್ಟೇ ಸಾಕಾಯಿತು. ಗೊತ್ತಿಲ್ಲದವಳು ತಾನೊಬ್ಬಳೇ.

ಅದು ತೊಂಬತ್ನಾಲ್ಕನೆಯ ಇಸವಿ. ಚಂದ್ರಶೇಖರ್ ಕೆಲವು ಭಾನುವಾರ ದಕ್ಷಿಣ ಲಂಡನ್ನಿನ ಒಂದು ಗ್ರೇಹೌಂಡ್ ನಾಯಿ ಓಟದ ಸ್ಟೇಡಿಯಮ್ಮಿಗೆ ಡ್ಯೂಟಿ ಡಾಕ್ಟರಾಗಿ ಹೋಗುತ್ತಿದ್ದ. ನಾಯಿಗಳು ಓಡದ ದಿನ ಅಲ್ಲಿ ಸ್ಟಾಕ್ ಕಾರುಗಳು ಓಡುತ್ತಿದ್ದವು. ಹೊರಗಿನಿಂದ ನೋಡಿದರೆ ಮಾಮೂಲಿ ಹಳೆಯ ಕಾರು, ಒಳಗೆ ಚಾಲಕನನ್ನು ಕಾಪಾಡಲು ಕಬ್ಬಿಣದ ಪಂಜರ. ಮೊಟ್ಟೆಯಾಕಾರದ ಸಣ್ಣ ಟ್ರ್ಯಾಕಿನಲ್ಲಿ ಒಂದನ್ನೊಂದು ಉಜ್ಜುತ್ತ, ನೂಕುತ್ತ ಸುತ್ತಬೇಕು. ಜೊತೆಗೆ ಹೋದ ಮಗಳು ಒಮ್ಮೆ ನೋಡಿದಳು, ಮತ್ತೊಮ್ಮೆ ಬರುತ್ತೇನೆಂದಳು. ಅಕ್ಸ್‌ಬ್ರಿಡ್ಜಿನ ಯೂನಿವರ್ಸಿಟಿಯಲ್ಲಿ ಎಂಜಿನಿಯರಿಂಗ್ ಓದಲು ಸೇರಿದ ಮೇಲೆ ತಾನೇ ಹೆಲ್ಮೆಟ್ ಹಾಕಿಕೊಂಡಳು.

"ಅಕಿ ಭಾಳ ಛಲೋ ಓಡಸ್ತಾಳ, ಶ್ರೀ," ಎಂದ ಚಂದ್ರಶೇಖರ್, ಮರುದಿನ ಚಹಾ ಕುಡಿಯುವಾಗ. ಸಮಾಧಾನ ಮಾಡಲೆಂದೇ ಆಡಿದ ಮಾತು ಶ್ರೀಲತಾಳ ಸಿಟ್ಟನ್ನು ನೆತ್ತಿಗೇರಿಸಿತು.

"ಛಲೋ ಓಡಸಾವ್ರನ್ನೂ ನಾ ಟೇಬಲ್ ಮ್ಯಾಲೆ ಮಲಗಿಸೇನಿ. ನೀವಿಬ್ರೂ ಏನರೆ ಮಾಡ್ಕೋರಿ. ನಾ ಮಾತ್ರ ನೋಡ್ಲಿಕ್ಕೆ ಬರೂದಿಲ್ಲ."

ಹೇಳಿದಂತೆ ಹೋಗಲಿಲ್ಲ. ಭಾನುವಾರ ಬಂದರೆ ಬೇಕೆಂದೇ ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದಳು. ಆಸ್ಪತ್ರೆಯ ಕಾರಿಡಾರಿನಲ್ಲಿ ಟ್ರಾಲಿ ಉರುಳಿ ಬಂದಾಗಲೆಲ್ಲ ಮೊದಲು ಮುಖ ನೋಡುತ್ತಿದ್ದಳು, ಆಮೇಲೆ ಕೇಸು.

ಆಕೆ ನೋಡದಿದ್ದರೂ ಮಗಳ ರೇಸ್ ತಂಡ ಬೆಳೆಯಿತು. ಮೊದಲು ಅದು ಮನೆಯ ಗ್ಯಾರೇಜಿನಲ್ಲಿತ್ತು. ಅಲ್ಲಿದ್ದ ಹಳೇ ಸೋಫಾ, ಸೈಕಲ್ಲು, ಅಕ್ಕಿ ಚೀಲ ಎಲ್ಲ ಹೊರಬಿದ್ದು ಒಂದು ಫೋರ್ಡ್ ಕಾರು ಒಳಗೆ ಬಂತು. ಅದರ ಜೊತೆಗೆ ಡೆರೆಕ್ ಬಂದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕಾಗಿ ನಿವೃತ್ತನಾದ, ಹೆಂಡತಿ ತೀರಿಕೊಂಡ ಮೇಲೆ ಭಾನುವಾರಗಳನ್ನು ಹೇಗೆ ಕಳೆಯುವುದೆಂದು ತಿಳಿಯದೆ ಟ್ರ್ಯಾಕಿನ ಸುತ್ತ ಅಲೆಯುತ್ತಿದ್ದ ಮನುಷ್ಯ. ಮಾಳವಿಕಾ ಡಿಗ್ರಿ ಮುಗಿಸಿದಳು, ಅಕ್ಸ್‌ಬ್ರಿಡ್ಜಿನ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು, ಬಿಟ್ಟಳು. ಬಿಟ್ಟ ದಿನ ಮನೆಯಲ್ಲಿ ದೊಡ್ಡ ರಂಪವಾಯಿತು. ಮರುವಾರ ಅವಳು ಅಲ್ಲೇ ಕೈಗಾರಿಕಾ ಶೆಡ್ಡುಗಳ ಸಾಲಿನಲ್ಲಿ ಒಂದನ್ನು ಬಾಡಿಗೆಗೆ ಹಿಡಿದಳು. ಕ್ವೀನ್ಸ್‌ಬರಿಯಲ್ಲಿ ಮಸಾಲೆ ವ್ಯಾಪಾರ ಮಾಡುತ್ತಿದ್ದ ಮೈಸೂರಿನ ಉದಯಶಂಕರ್ ಎಂಬುವರು ಪ್ರಾಯೋಜಕರಾದರು. ಕಾರಿನ ಮೂತಿಯ ಮೇಲೆ ಇಂಗ್ಲಿಷಿನಲ್ಲಿ 'ಉದಯ ಸಾಂಬಾರ್ ಪೌಡರ್' ಎಂದು ಬಂತು. ಬೇರೆ ತಂಡದವರು ನಕ್ಕರು. ಆ ಕಾರು ತಮ್ಮನ್ನು ಹಿಂದೆ ಹಾಕಿ ಹೋಗತೊಡಗಿದ ಮೇಲೆ ನಗುವುದನ್ನು ಬಿಟ್ಟು ಸಾಂಬಾರ್ ಎಂದರೇನೆಂದು ಕೇಳತೊಡಗಿದರು. ಚಂದ್ರಶೇಖರನಿಗೆ ಅಷ್ಟೇ ಬೇಕಿತ್ತು. ಟ್ರ್ಯಾಕಿನ ಬದಿಯಲ್ಲಿದ್ದ ತಂಡದ ಟೆಂಟಿನ ಹಿಂದೆ ಗ್ಯಾಸ್ ಒಲೆ ಹೂಡಿ, ಬಂದವರಿಗೆಲ್ಲ ಅನ್ನ ಸಾಂಬಾರು ಬಡಿಸಿದ.

ಎರಡು ಸಾವಿರದ ಎರಡರಲ್ಲಿ ತಂಡ ವೃತ್ತಿಪರರ ಸರಣಿಗೆ ಸೇರಿತು. ಇನ್ನು ಇದು ಭಾನುವಾರದ ಹವ್ಯಾಸವಲ್ಲ. ಸಂಬಳದ ಮೆಕ್ಯಾನಿಕ್ಕುಗಳು, ಕಾರು ಸಾಗಿಸುವ ಲಾರಿ, ಮೇಲೆ ನಿಂತವರು ದಾರಿ ಹೇಳಲು ಚಾಲಕರ ಕಿವಿಯಲ್ಲಿ ರೇಡಿಯೋ. ಆ ಸರಣಿಯ ಮೊದಲ ರೇಸು ಹಳೆಯ ಗ್ರೇಹೌಂಡ್ ಸ್ಟೇಡಿಯಮ್ಮಿನಲ್ಲೇ ಎಂದು ಗೊತ್ತಾಯಿತು. ಅದರ ಹಿಂದಿನ ವಾರವೇ ಚಂದ್ರಶೇಖರನಿಗೆ ಎದೆನೋವು ಬಂದು ಬೈಪಾಸ್ ಆಯಿತು.

ಆಸ್ಪತ್ರೆಯ ಹಾಸಿಗೆಯಲ್ಲಿ ಆತ ಒರಗಿದ್ದ. ಶ್ರೀಲತಾ ಕಿತ್ತಳೆ ಸುಲಿಯುತ್ತಿದ್ದಳು.

"ನೀ ಹೋಗು," ಎಂದ.

"ಎಲ್ಲಿಗೆ?"

"ನಾಳೆ ರೇಸಿಗೆ. ದೊಡ್ಡ ಸರಣಿಯಾಗ ಅಕಿದು ಮೊದಲನೇ ರೇಸು. ನಾ ಇಲ್ಲಿ ಬಿದ್ದೀನಿ. ನೀನರೆ ನೋಡಿ ನಂಗ ಹೇಳು."

"ಡೆರೆಕ್ ಹೇಳ್ತಾನಲ್ಲ."

"ಡೆರೆಕ್ 'ಆಲ್ ರೈಟ್, ಡಾಕ್ಟರ್' ಅಂತಾನ. ಅದರಾಗ ಏನ್ ತಿಳೀತದ?" ಆತ ಹೆಂಡತಿಯ ಮಣಿಕಟ್ಟು ಹಿಡಿದ. "ನೀ ನೋಡಿದ್ರ ನಾ ನೋಡಿದಾಂಗ, ಶ್ರೀ."

ಶ್ರೀಲತಾ ಮರುದಿನ ಮಧ್ಯಾಹ್ನ ಸ್ಟೇಡಿಯಮ್ಮಿನ ಸ್ಟ್ಯಾಂಡಿನ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ, ರೇಡಿಯೋ ಹಿಡಿದ ಡೆರೆಕ್‌ನ ಪಕ್ಕದಲ್ಲಿ, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಕೂತಳು. ಎಂಜಿನ್ನುಗಳು ಹೊತ್ತಿಕೊಂಡಾಗ ಹಲಗೆಯ ಬೆಂಚು ನಡುಗಿತು. ಒಂದು ಕಿವಿ ಮುಚ್ಚಿಕೊಂಡು, ಇನ್ನೊಂದಕ್ಕೆ ಮೊಬೈಲ್ ಒತ್ತಿ, ಆಸ್ಪತ್ರೆಯ ಹಾಸಿಗೆ ಪಕ್ಕದ ಫೋನಿಗೆ ಕರೆ ಮಾಡಿದಳು.

"ಹೇಳು, ಹೇಳು," ಎಂದ ಚಂದ್ರಶೇಖರ್.

"ನಮ್ಮಾಕಿ ನಡುವ ಇದ್ದಾಳ. ಮುಂದ ಒಂದು ಕೆಂಪು ಕಾರು ಅದ. ಅಯ್ಯ, ಎಷ್ಟ್ ಹತ್ರ ಹತ್ರ ಹೋಗ್ತಾರ್ರೀ ಇವ್ರು!"

ಮೊದಲು ಆಕೆ ನೋಡಿದ್ದು ಮಗಳ ಕಾರನ್ನು ಮಾತ್ರ, ಅದೂ ಅರೆಗಣ್ಣಿನಿಂದ. ಆದರೆ ಆ ಕಡೆಯಿಂದ ಗಂಡ ಕೇಳುತ್ತಲೇ ಇದ್ದ. ಹಿಂದೆ ಯಾರು? ಹೊರಗೆ ಯಾರು? ಹೇಳಬೇಕಾದರೆ ನೋಡಬೇಕಾಯಿತು. ನೋಡುತ್ತ ಹೋದಂತೆ ಆಕೆಗೆ ಒಂದು ಪರಿಚಿತ ಶಾಂತಿ ಬಂತು. ಆಪರೇಷನ್ ಥಿಯೇಟರಿನಲ್ಲಿ ರೋಗಿಯ ಉಸಿರು, ನಾಡಿ, ಬಣ್ಣ ಎಲ್ಲವನ್ನೂ ಒಟ್ಟಿಗೆ ನೋಡುತ್ತ, ಏನೋ ಕೆಡುವ ಮೊದಲೇ ಕೆಡುತ್ತದೆಂದು ತಿಳಿಯುವಾಗ ಬರುವಂಥದು.

"ಈ ಕೆಂಪು ಕಾರಿನಾಂವ ತಿರುವು ಬಂದಾಗೊಮ್ಮೆ ಹೊರಗ ಜಾರ್ತಾನ. ಈಗ ಜಾರ್ತಾನ ನೋಡ್ರಿ... ಜಾರಿದಾ! ಒಳಗ ನುಸುಳಿದ್ಲು ನಮ್ಮಾಕಿ! ಹೋದ್ಲು!"

ಎದ್ದು ನಿಂತಿದ್ದೇನೆಂದು ಶ್ರೀಲತಾಗೆ ತಿಳಿದದ್ದು ಡೆರೆಕ್ ತನ್ನನ್ನೇ ನೋಡುತ್ತಿರುವುದು ಕಂಡಾಗ. ಭಾಷೆ ತಿಳಿಯದಿದ್ದರೂ ಆತನಿಗೆ ಒಂದು ವಿಷಯ ಗೊತ್ತಾಗಿತ್ತು. ಈಕೆಯ ದನಿ ಮೊದಲು ಏರುತ್ತಿತ್ತು, ಟ್ರ್ಯಾಕಿನಲ್ಲಿ ಏನಾದರೂ ಆಗುತ್ತಿದ್ದುದು ಆಮೇಲೆ.

ಮಾಳವಿಕಾ ಆ ದಿನ ಆರನೆಯವಳಾಗಿ ಮುಗಿಸಿದಳು. ವ್ಯಾನಿನಲ್ಲಿ ವಾಪಸು ಬರುವಾಗ ಡೆರೆಕ್ ಮಾಳವಿಕಾಗೆ ಹೇಳಿದ, ತನ್ನ ಕಣ್ಣಿಗೆ ಪೊರೆ ಬಂದಿದೆ, ದೂರದ ಕಾರುಗಳ ನಂಬರು ಕಲಸಿಹೋಗುತ್ತದೆ, ಮೇಲೆ ನಿಂತು ರೇಡಿಯೋದಲ್ಲಿ ದಾರಿ ಹೇಳುವ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳಬೇಕು. "ನಿನ್ನ ಅಮ್ಮನನ್ನು ಕೇಳು," ಎಂದ.

"ಮಮ್," ಎಂದಳು ಮಾಳವಿಕಾ, ರಸ್ತೆಯನ್ನೇ ನೋಡುತ್ತ. "ವುಡ್ ಯು?"

ಮೊದಲ ಸಲ ರೇಡಿಯೋ ಹಿಡಿದಾಗ ಶ್ರೀಲತಾ ಒಂದೇ ಮಾತನ್ನು ಹೇಳಿದಳು: ಹುಷಾರು. ತಿರುವು ಬಂದರೆ ಹುಷಾರು, ಯಾರಾದರೂ ಹತ್ತಿರ ಬಂದರೆ ಹುಷಾರು. ಇಳಿದು ಬಂದ ಮಗಳು ಹೆಲ್ಮೆಟ್ ತೆಗೆದು ಮೆಲ್ಲಗೆ, ಇಂಗ್ಲಿಷಿನಲ್ಲೇ ಹೇಳಿದಳು: "ಮಮ್, ಆ ಮಾತು ಬೇಡ. ಅದನ್ನು ಕೇಳಿದರೆ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತೆ. ಯಾರು ಎಲ್ಲಿದ್ದಾರೆ ಅಂತ ಮಾತ್ರ ಹೇಳು. ಹುಷಾರಾಗಿರೋದು ನನ್ನ ಕೆಲಸ."

ಹುಷಾರು ಎಂಬುದನ್ನು ನುಂಗಿಕೊಳ್ಳಲು ಶ್ರೀಲತಾಗೆ ಇಡೀ ಒಂದು ಸೀಸನ್ನು ಹಿಡಿಯಿತು. ನಾಲಿಗೆಯ ತುದಿಗೆ ಬಂದಾಗಲೆಲ್ಲ ತುಟಿ ಕಚ್ಚಿ, ಬೇರೆ ಮಾತು ಹೇಳುತ್ತಿದ್ದಳು. ಒಳಗ ಒಬ್ಬಾಂವ. ಬಾಜೂಕಿದ್ದಾನ. ಹಿಂದ ಬಿದ್ದ. ದಾರಿ ಖಾಲಿ, ಹೋಗು. ಅವಸರದಲ್ಲಿ ಇಂಗ್ಲಿಷು ಬಾಯಿಗೆ ಬರುತ್ತಲೇ ಇರಲಿಲ್ಲ. ಮಾಳವಿಕಾ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು, ಈಕೆ ಧಾರವಾಡದ ಮಾತಿನಲ್ಲೇ ಮುಂದುವರಿಸುತ್ತಿದ್ದಳು. ಬೇರೆ ತಂಡದವರು ರೇಡಿಯೋ ಕದ್ದು ಕೇಳುವುದು ಆ ಆಟದಲ್ಲಿ ಮಾಮೂಲಿ. ಒಬ್ಬ ಮ್ಯಾನೇಜರ್ ಬಂದು, ನಿಮ್ಮ ಈ ಸಂಕೇತ ಭಾಷೆಯನ್ನು ಯಾರು ಮಾಡಿಕೊಟ್ಟರು ಎಂದು ಡೆರೆಕ್‌ನನ್ನು ಕೇಳಿದನಂತೆ. ಚೇತರಿಸಿಕೊಂಡು ಮತ್ತೆ ಒಲೆಯ ಮುಂದೆ ನಿಂತಿದ್ದ ಚಂದ್ರಶೇಖರ್ ಅದನ್ನು ಕೇಳಿ, ಹೊಲಿಗೆ ಹಾಕಿದ ಎದೆಯನ್ನು ಒತ್ತಿ ಹಿಡಿದುಕೊಂಡು ನಕ್ಕ.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಅದೇ ಸ್ಟೇಡಿಯಮ್ಮಿನಲ್ಲಿ ಮುಂದಿನ ಕಾರಿನ ಟೈರು ಸಿಡಿಯಿತು. ಶ್ರೀಲತಾ "ಹೊರಗ ಹೋಗು" ಎಂದಳು. ಮಾಳವಿಕಾ ಹೊರಗೆ ಹೋದಳು. ಆದರೆ ಹಿಂದಿನವನೂ ಹೊರಗೇ ಬಂದ. ಅವನ ಕಾರು ತಾಗಿ ಮಾಳವಿಕಾಳ ಕಾರು ಗೋಡೆಗೆ ಬಡಿದು, ಮಗುಚಿ, ಚಾವಣಿಯ ಮೇಲೆ ಜಾರುತ್ತ ಹೋಗಿ ನಿಂತಿತು.

ಓಡಿ ಇಳಿಯಬೇಕೆಂದು ಕಾಲು ಹೇಳುತ್ತಿತ್ತು. ಶ್ರೀಲತಾ ನಿಂತಲ್ಲೇ ನಿಂತಳು. ಕೆಳಗೆ ಡ್ಯೂಟಿ ಡಾಕ್ಟರಿದ್ದರು, ಮಗಳ ಕಿವಿಯಲ್ಲಿ ಇದ್ದದ್ದು ತನ್ನ ದನಿ ಮಾತ್ರ. ರೇಡಿಯೋ ಗುಂಡಿ ಒತ್ತಿ, ಎಚ್ಚರಗೊಳ್ಳುತ್ತಿರುವ ರೋಗಿಗಳ ತಲೆಯ ಹತ್ತಿರ ಬಾಗಿ ಆಡುತ್ತಿದ್ದ ದನಿಯಲ್ಲಿ ಮಾತಾಡಿದಳು.

"ಮಾಳವಿಕಾ. ಅಮ್ಮ ಇದ್ದೀನಿ. ಕುತ್ತಿಗಿ ಹೊರಳಸಬ್ಯಾಡ. ಉಸಿರು ತಗೋ. ನಿಧಾನಕ್ಕ. ಬಿಡು. ಇನ್ನೊಮ್ಮೆ ತಗೋ. ಬರ್ಲಿಕ್ಕತ್ತಾರ, ಬೆಂಕಿ ಇಲ್ಲ, ಹೊಗಿ ಅಷ್ಟ. ಉಸಿರು ತಗೋ, ಕೂಸ."

ಆ ಕಡೆ ಬರೀ ಕರಕರ ಸದ್ದು. ಆಕೆ ನಿಲ್ಲಿಸಲಿಲ್ಲ. ಕಾರಿನ ಹತ್ತಿರ ಯಾರು ಬಂದರು, ಯಾವ ಕಡೆಯಿಂದ ಕೈ ಹಾಕುತ್ತಿದ್ದಾರೆ, ಎಲ್ಲ ಹೇಳುತ್ತ ಹೋದಳು. ಕೊನೆಗೆ ಸಣ್ಣ ದನಿಯೊಂದು ಬಂತು.

"ಮಮ್... ಆಯಾಮ್ ಅಪ್‌ಸೈಡ್ ಡೌನ್."

"ಹೌದು, ಗೊತ್ತದ. ನಂಗ ಕಾಣಸ್ತದ," ಎಂದಳು ಶ್ರೀಲತಾ.

ಮಣಿಕಟ್ಟು ಮುರಿದಿತ್ತು, ತಲೆಗೆ ಪೆಟ್ಟಾಗಿತ್ತು. ಆ ಸೀಸನ್ನು ಮುಗಿದಂತೆ. ಮನೆಯ ಹಿತ್ತಲಲ್ಲಿ, ಕೈಗೆ ಪ್ಲಾಸ್ಟರ್ ಹಾಕಿಕೊಂಡು ಬಿಸಿಲಿಗೆ ಕೂತಿದ್ದ ಮಾಳವಿಕಾ ಒಂದು ಮಧ್ಯಾಹ್ನ ಕೇಳಿದಳು, ಬಿಟ್ಟುಬಿಡಲೇ ಎಂದು. ತಮಾಷೆಯ ಮಾತಾಗಿರಲಿಲ್ಲ.

ಹತ್ತು ವರ್ಷ ಶ್ರೀಲತಾ ಕಾದಿದ್ದು ಈ ಪ್ರಶ್ನೆಗೇ. ಹೂಂ ಎಂದರೆ ಸಾಕಿತ್ತು. ತಂತಿಯ ಮೇಲಿನ ಬಟ್ಟೆಗಳನ್ನು ತೆಗೆದು ಮಡಚುತ್ತಿದ್ದವಳು ಮಗಳ ಮುಖ ನೋಡಿದಳು. ಅದು ಹೆದರಿದ ಮುಖವಲ್ಲ. ಅಮ್ಮನಿಗಾಗಿ ಕೇಳುತ್ತಿದ್ದ ಮುಖ.

"ನಂಗ ಕೇಳಬ್ಯಾಡ," ಎಂದಳು. "ನಾ ಅಂತೂ ಬಿಡು ಅನ್ನಾಕಿ. ಮೊದಲಿಂದ ಅಂದೇನಿ, ನಾಳೆನೂ ಅಂತೀನಿ. ಆದ್ರ ನಿಂಗ ಓಡಸಬೇಕಂತ ಇದ್ರ, ನನ್ನ ಸಲುವಾಗಿ ಬಿಡಬ್ಯಾಡ. ನೀ ಕೆಳಗ ಇದ್ರ ನಾ ಮ್ಯಾಲೆ ನಿಂದರ್ತೀನಿ. ಅಷ್ಟ ನನ್ನ ಕೈಯಾಗಿರೂದು."

ಮಾಳವಿಕಾ ಪೆಟ್ಟಾಗದ ಕೈಯಿಂದ ಅಮ್ಮನ ಸೀರೆಯ ಸೆರಗು ಹಿಡಿದುಕೊಂಡಳು.

ಅವಳು ಸುಧಾರಿಸಿಕೊಳ್ಳುವವರೆಗೆ ತಂಡ ಖಾಲಿ ಕೂರದಿರಲೆಂದು ಗ್ಯಾರಿ ಎಂಬ ಯುವ ಚಾಲಕನನ್ನು ತೆಗೆದುಕೊಂಡರು. ಅವನು ಉಳಿದುಕೊಂಡ. ಮುಂದಿನ ವರ್ಷ ಎರಡು ಕಾರುಗಳಾದವು, ಪಕ್ಕದ ಶೆಡ್ಡೂ ಸೇರಿತು. ಗ್ಯಾರಿಗೂ ಶ್ರೀಲತಾಳ ದನಿಯೇ ಬೇಕಂತೆ. ಇಂಗ್ಲಿಷಿನಲ್ಲಿ ಹೇಳಲು ಹೋಗಿ ಆಕೆ ತಡವರಿಸಿದ್ದನ್ನು ಕಂಡು ಅವನೇ ಒಳಗ, ಹೊರಗ, ಖಾಲಿ, ಹೋಗು ಎಂಬ ಪದಗಳನ್ನು ಕಲಿತ. ಮಾಳವಿಕಾ ಒಂದು ಸಂಜೆ ಅವನಿಗೆ ಉಚ್ಚಾರಣೆ ತಿದ್ದುತ್ತಿದ್ದುದನ್ನು ಚಂದ್ರಶೇಖರ್ ಹೆಂಡತಿಗೆ ಕಣ್ಣಸನ್ನೆಯಲ್ಲೇ ತೋರಿಸಿದ.

ಎರಡು ಸಾವಿರದ ಆರರ ಶರತ್ಕಾಲದ ಒಂದು ಭಾನುವಾರ ಅದೇ ಸ್ಟೇಡಿಯಮ್ಮಿನಲ್ಲಿ ಮಾಳವಿಕಾ ಗೆದ್ದಳು. ವೃತ್ತಿಪರರ ಸರಣಿಯಲ್ಲಿ ತಂಡದ ಮೊದಲ ಗೆಲುವು. ಕೆಳಗೆ ಮೆಕ್ಯಾನಿಕ್ಕುಗಳು ಒಬ್ಬರನ್ನೊಬ್ಬರು ಎತ್ತಿ ಕುಣಿದರು, ಉದಯಶಂಕರ್ ಟೋಪಿ ಹಾರಿಸಿದರು, ಡೆರೆಕ್ ಒಂದು ಟೈರಿನ ಮೇಲೆ ಕೂತು ಕಣ್ಣು ಒರೆಸಿಕೊಂಡ. ಶ್ರೀಲತಾ ಹೆಡ್‌ಫೋನ್ ತೆಗೆದು ಬೆಂಚಿನ ಮೇಲೆ ಕೂತಿದ್ದಳು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ರೇಸಿನ ಉಡುಪಿನಲ್ಲೇ, ಬೆವರಿನಲ್ಲಿ ತೊಯ್ದು, ಮಗಳು ಹತ್ತಿ ಬರುತ್ತಿದ್ದಳು.

"ನೀ ಯಾಕ ಮ್ಯಾಲೆ ಬಂದಿ? ಕೆಳಗ ಕಪ್ ಕೊಡ್ಲಿಕ್ಕೆ ಕಾಯ್ಲಿಕ್ಕತ್ತಾರ."

ಕಾಯಲಿ ಎಂದಳು ಮಾಳವಿಕಾ. ಇಷ್ಟು ವರ್ಷದಲ್ಲಿ ಒಮ್ಮೆಯೂ ಇಲ್ಲಿಂದ ನೋಡಿಲ್ಲ, ನಿನಗೆ ಏನು ಕಾಣುತ್ತದೋ ನೋಡಬೇಕು ಎಂದಳು. ಅಮ್ಮನಿಗೆ ಒತ್ತಿ ಕೂತು ಕೆಳಗೆ ನೋಡಿದಳು. ಖಾಲಿ ಟ್ರ್ಯಾಕು ಮಕ್ಕಳ ಆಟಿಕೆಯಷ್ಟು ಸಣ್ಣದಾಗಿ ಕಾಣುತ್ತಿತ್ತು.

"ಎಲ್ಲಾ ಕಾಣುತ್ತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಎಲ್ಲಾ ಇಲ್ಲ," ಎಂದು ಶ್ರೀಲತಾ ಬೆರಳು ತೋರಿಸಿದಳು. "ಆ ಸ್ಕೋರ್ ಬೋರ್ಡ್ ಅದ ಅಲ್ಲ, ಅದರ ಹಿಂದ ಹೋದಾಗೊಮ್ಮೆ ನೀ ಕಾಣೂದಿಲ್ಲ ನಂಗ. ಸ್ವಲ್ಪೇ ಹೊತ್ತು. ಆಮ್ಯಾಲೆ ಈ ಕಡೆಯಿಂದ ಬರ್ತಿ."

"ಅಲ್ಲೇ ನೀನು ಜಾಸ್ತಿ ಮಾತಾಡೋದು," ಎಂದಳು ಮಾಳವಿಕಾ. "ಆ ತಿರುವು ಕಷ್ಟದ್ದು, ಅದಕ್ಕೇ ಅಂದುಕೊಂಡಿದ್ದೆ."

"ತಿರುವಿಗಲ್ಲ. ನೀ ಕಾಣದಾಗ ನನ್ನ ದನಿಯರೆ ನಿನ್ನ ಜೋಡಿ ಇರಲಿ ಅಂತ."

ಮಾಳವಿಕಾ ನಗಲು ಹೋಗಿ, ನಗದೆ, ಅಮ್ಮನ ಹೆಗಲಿಗೆ ತಲೆ ಆನಿಸಿದಳು. ಕೆಳಗಿನಿಂದ ಮೈಕಿನಲ್ಲಿ ಅವಳ ಹೆಸರನ್ನು ತಪ್ಪುತಪ್ಪಾಗಿ ಕೂಗಿದರು. ಮತ್ತೊಮ್ಮೆ ಕೂಗಿದರು. ಟೆಂಟಿನ ಬಾಗಿಲಿಗೆ ಬಂದ ಚಂದ್ರಶೇಖರ್ ಸೌಟು ಹಿಡಿದ ಕೈಯೆತ್ತಿ ಇಬ್ಬರನ್ನೂ ಕರೆಯುತ್ತಿದ್ದ.

"ನಡಿ, ನಿಮ್ಮಪ್ಪ ಒದರ್ಲಿಕ್ಕತ್ತಾರ," ಎಂದು ಶ್ರೀಲತಾ ಮೊಣಕಾಲು ಹಿಡಿದುಕೊಂಡು ಎದ್ದಳು. ಮಗಳು ಕೈ ಕೊಟ್ಟಳು. ಇಬ್ಬರೂ ಮೆಟ್ಟಿಲಿಳಿಯತೊಡಗಿದರು.